ಡೆಸ್ಕ್‌ಟಾಪ್ ತಾನಾಗಿಯೇ ರೀಸ್ಟಾರ್ಟ್ ಆಗುತ್ತಿದೆ. ಎಸ್‌ಎಂಪಿಎಸ್ ಬದಲಿಸಿದರೂ ನಿಂತಿಲ್ಲ

ಅಕ್ಷರಜೋಡಣೆ:
ಎಲ್ಲರಿಗೂ ನಮಸ್ಕಾರ. ಸಾಗರದಲ್ಲಿ ನನ್ನದೊಂದು ಸಣ್ಣ ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿಯಿದೆ. ಕ್ರಯಪತ್ರ, ಬಾಡಿಗೆ ಕರಾರು, ಮದುವೆಯ ಕರೆಯೋಲೆ ಇಂಥವೇ ನಮ್ಮ ಕೆಲಸಗಳು. ಕೆಲವು ವಾರಗಳಿಂದ ಅಂಗಡಿಯ ಡೆಸ್ಕ್‌ಟಾಪ್ ಯಾವ ಸೂಚನೆಯನ್ನೂ ಕೊಡದೆ ರೀಸ್ಟಾರ್ಟ್ ಆಗುತ್ತಿದೆ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡುತ್ತಿರುವಾಗಲೇ ಪರದೆ ಥಟ್ಟನೆ ಕಪ್ಪಾಗುತ್ತದೆ, ಫ್ಯಾನಿನ ಸದ್ದು ಒಂದು ಕ್ಷಣ ನಿಂತು ಮತ್ತೆ ಶುರುವಾಗುತ್ತದೆ, ಆಮೇಲೆ ಮದರ್‌ಬೋರ್ಡ್ ಕಂಪನಿಯ ಲಾಂಛನ ಮೂಡುತ್ತದೆ. ವಿಂಡೋಸ್ ಕುಸಿದಾಗ ಬರುವ ನೀಲಿ ಪರದೆ ಒಮ್ಮೆಯೂ ಬಂದಿಲ್ಲ. ಕೆಲವು ದಿನ ಬೆಳಗಿನ ಹೊತ್ತಿನಲ್ಲೇ ಮತ್ತೆ ಮತ್ತೆ ಆಗುತ್ತದೆ, ಕೆಲವು ದಿನ ಸಂಜೆಯವರೆಗೂ ಏನೂ ಆಗುವುದಿಲ್ಲ.

10ನೇ ತಲೆಮಾರಿನ ಐ5 ಪ್ರೊಸೆಸರ್, 16 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಮತ್ತು 450 ವ್ಯಾಟ್ ಎಸ್‌ಎಂಪಿಎಸ್ (ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದಂತೆ ಬದಲಿಸಿಕೊಡುವ ಪೆಟ್ಟಿಗೆ) ಇದೆ. ಗ್ರಾಫಿಕ್ಸ್ ಕಾರ್ಡ್ ಇಲ್ಲ. ರಿಪೇರಿಯವರು ಮೊದಲು ಫಾರ್ಮ್ಯಾಟ್ ಮಾಡಿದರು, ಆಮೇಲೆ ಎಸ್‌ಎಂಪಿಎಸ್ ಬದಲಿಸಿದರು. ಈಗ ಮದರ್‌ಬೋರ್ಡ್ ಎನ್ನುತ್ತಿದ್ದಾರೆ. ಅಷ್ಟು ಖರ್ಚು ಮಾಡುವುದಕ್ಕೆ ಮುಂಚೆ ತಿಳಿದವರ ಅಭಿಪ್ರಾಯ ಕೇಳೋಣವೆಂದು ಬರೆದಿದ್ದೇನೆ.

ಬೈಟುಕಾಫಿ:
ಎಸ್‌ಎಂಪಿಎಸ್ ಬದಲಿಸಿದ ಮೇಲೂ ಹೀಗಾಗುತ್ತಿದ್ದರೆ ಮದರ್‌ಬೋರ್ಡ್ ಹೋಗಿದೆ ಎಂದೇ ಅರ್ಥ. ಬೆಂಗಳೂರಿನ ಎಸ್.ಪಿ. ರಸ್ತೆಗೆ ಬಂದರೆ ಒಂದೇ ದಿನದಲ್ಲಿ ಕೆಲಸ ಮುಗಿಯುತ್ತದೆ.

ಹಳೇ ಕೀಲಿಮಣೆ:
2003ರ ಆಗಸ್ಟ್ ತಿಂಗಳು ನೆನಪಿರುವವರು ಇಲ್ಲಿ ಎಷ್ಟು ಜನರಿದ್ದಾರೋ ಗೊತ್ತಿಲ್ಲ. ಆಗ ಬ್ಲಾಸ್ಟರ್ ಎಂಬ ಹುಳು ಬಂದು, ವಿಂಡೋಸ್ ಎಕ್ಸ್‌ಪಿ ಇದ್ದ ಕಂಪ್ಯೂಟರ್ ಇಂಟರ್ನೆಟ್ಟಿಗೆ ಸೇರಿದ ಸ್ವಲ್ಪ ಹೊತ್ತಿಗೆಲ್ಲ 60 ಸೆಕೆಂಡುಗಳ ಗಡುವು ತೋರಿಸಿ ರೀಸ್ಟಾರ್ಟ್ ಆಗುತ್ತಿತ್ತು. ಮರುವರ್ಷ ಸ್ಯಾಸರ್ ಬಂದು ಅದೇ ಆಟ ಆಡಿಸಿತು. ಆಗಲೂ ಎಷ್ಟೋ ಮಂದಿ ಎಸ್‌ಎಂಪಿಎಸ್, ರ‍್ಯಾಮ್ ಬದಲಿಸಿ ಹಣ ಕಳೆದುಕೊಂಡಿದ್ದರು. ಆದ್ದರಿಂದ ವೈರಸ್ಸಿನ ಸಾಧ್ಯತೆಯನ್ನು ಸಾರಾಸಗಟಾಗಿ ತಳ್ಳಿಹಾಕಬೇಡಿ.

ಗಣಕವೈದ್ಯ:
ಹಳೇ ಕೀಲಿಮಣೆಯವರೇ, ನೀವು ಹೇಳಿದ ಇತಿಹಾಸ ಸರಿಯಾಗಿದೆ, ಆದರೆ ಇಲ್ಲಿಗೆ ಹೊಂದುವುದಿಲ್ಲ. ಬ್ಲಾಸ್ಟರ್ ಬಂದಾಗ ವಿಂಡೋಸ್ ತಾನೇ ನಿರ್ಧರಿಸಿ, ಗಡುವು ತೋರಿಸಿ ರೀಸ್ಟಾರ್ಟ್ ಮಾಡುತ್ತಿತ್ತು. ಇವರ ಯಂತ್ರದಲ್ಲಿ ಫ್ಯಾನ್ ಸಹ ನಿಲ್ಲುತ್ತಿದೆ. ರೀಸ್ಟಾರ್ಟ್ ಆಜ್ಞೆ ಕೊಟ್ಟಾಗ ಸಾಮಾನ್ಯವಾಗಿ ಫ್ಯಾನ್ ತಿರುಗುತ್ತಲೇ ಇರುತ್ತದೆ. ಅದು ನಿಂತಿತೆಂದರೆ ವಿದ್ಯುತ್ತೇ ತಪ್ಪಿದೆ ಎಂಬ ಅನುಮಾನ ಬರಬೇಕು.

ಯಾವ ಬಿಡಿಭಾಗಕ್ಕೂ ಕೈಹಾಕುವ ಮುನ್ನ ಯಂತ್ರ ತಾನಾಗಿ ರೀಸ್ಟಾರ್ಟ್ ಆಯಿತೇ, ಅಥವಾ ಅದರ ಕಾಲ ಕೆಳಗಿನಿಂದ ಕರೆಂಟನ್ನೇ ಎಳೆದುಕೊಳ್ಳಲಾಯಿತೇ ಎಂಬುದನ್ನು ತಿಳಿದುಕೊಳ್ಳಬೇಕು. ಇದಕ್ಕೆ ಒಂದು ರೂಪಾಯಿಯೂ ಬೇಡ. ಇವೆಂಟ್ ವ್ಯೂವರ್ ತೆರೆದು, ವಿಂಡೋಸ್ ಲಾಗ್ಸ್ ಅಡಿಯಲ್ಲಿ ಸಿಸ್ಟಮ್ ವಿಭಾಗಕ್ಕೆ ಹೋಗಿ, ರೀಸ್ಟಾರ್ಟ್ ಆದ ಹೊತ್ತಿನ ಸುತ್ತಮುತ್ತ ಏನು ದಾಖಲಾಗಿದೆ ಎಂದು ನೋಡಿ. 1074 ಎಂಬ ಸಂಖ್ಯೆಯಿದ್ದರೆ ಯಾವುದೋ ಪ್ರೋಗ್ರಾಮ್ ಅಥವಾ ಬಳಕೆದಾರರು ಕೇಳಿಕೊಂಡ ರೀಸ್ಟಾರ್ಟ್ ಅದು. ಹೆಚ್ಚಿನಂಶ ವಿಂಡೋಸ್ ಅಪ್‌ಡೇಟ್ ಇರುತ್ತದೆ. ಕರ್ನಲ್-ಪವರ್ 41 ಇದ್ದರೆ ಅದರ ವಿವರಗಳ ಪುಟ ತೆರೆದು ಬಗ್‌ಚೆಕ್ ಕೋಡ್ ಎಷ್ಟಿದೆ ಎಂದು ಓದಿ. ಅದು ಸೊನ್ನೆಯಲ್ಲದಿದ್ದರೆ ವಿಂಡೋಸ್ ಕುಸಿದಿದೆ, ಆಗ ಡ್ರೈವರ್ ಅಥವಾ ರ‍್ಯಾಮ್ ಕಡೆ ನೋಡಬೇಕು. ಸೊನ್ನೆಯಿದ್ದರೆ ವಿಂಡೋಸ್‌ಗೆ ದಾಖಲೆ ಬರೆಯುವಷ್ಟೂ ಸಮಯ ಸಿಕ್ಕಿಲ್ಲ. ಡಬ್ಲ್ಯೂಎಚ್‌ಇಎ-ಲಾಗರ್ ಎಂಬ ಹೆಸರಿನ ದಾಖಲೆಗಳೇನಾದರೂ ಇವೆಯೇ ಎಂಬುದನ್ನೂ ತಿಳಿಸಿ, ಏಕೆಂದರೆ ಪ್ರೊಸೆಸರ್ ತನ್ನೊಳಗಿನ ದೋಷವನ್ನು ಅಲ್ಲಿ ಬರೆಸುತ್ತದೆ.

ಅದರ ಜೊತೆಗೆ ಸಿಸ್ಟಮ್ ಪ್ರಾಪರ್ಟೀಸ್‌ನ ಸ್ಟಾರ್ಟಪ್ ಆ್ಯಂಡ್ ರಿಕವರಿಯಲ್ಲಿ ‘ಆಟೊಮ್ಯಾಟಿಕಲಿ ರೀಸ್ಟಾರ್ಟ್’ ಎಂಬಲ್ಲಿರುವ ಗುರುತನ್ನು ತೆಗೆಯಿರಿ. ಅದು ಇರುವವರೆಗೆ ನೀಲಿ ಪರದೆ ಕಣ್ಣಿಗೆ ಬೀಳುವ ಮೊದಲೇ ಮಾಯವಾಗಿಬಿಡಬಹುದು.

ಲ್ಯಾಬ್ ಟೀಚರ್, ಗದಗ:
ನಮ್ಮ ಶಾಲೆಯ ಲ್ಯಾಬಿನಲ್ಲಿ ಇದೇ ತೊಂದರೆ ಇತ್ತು. ರ‍್ಯಾಮ್ ತೆಗೆದು ಅದರ ಬಂಗಾರದ ಬಣ್ಣದ ಅಂಚನ್ನು ರಬ್ಬರಿನಿಂದ ಒರೆಸಿ ಹಾಕಿದರೂ ಸರಿಹೋಗಲಿಲ್ಲ. ಕೊನೆಗೆ ಕಾರಣ ಸಿಕ್ಕಿದ್ದು ಕ್ಯಾಬಿನೆಟ್ಟಿನ ಮುಂಭಾಗದಲ್ಲಿದ್ದ ರೀಸೆಟ್ ಗುಂಡಿಯಲ್ಲಿ. ಸೀಮೆಸುಣ್ಣದ ಪುಡಿ ಮತ್ತು ಕೈಯ ಜಿಡ್ಡು ಸೇರಿ ಗುಂಡಿ ಅರ್ಧಕ್ಕೆ ಅಂಟಿಕೊಂಡಿತ್ತು. ಮಕ್ಕಳು ಮೇಜಿಗೆ ಮೊಣಕೈ ತಾಗಿಸಿದರೂ ಸಾಕು, ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತಿತ್ತು. ಮದರ್‌ಬೋರ್ಡಿನ ಮೂಲೆಯಲ್ಲಿ ರೀಸೆಟ್‌ನ ಎರಡು ಎಳೆಯ ವೈರು ಸೇರುವ ಪುಟ್ಟ ಕನೆಕ್ಟರನ್ನು ಕಿತ್ತಿಟ್ಟೆವು. ಅಲ್ಲಿಂದೀಚೆಗೆ ಆ ಯಂತ್ರ ತೊಂದರೆ ಕೊಟ್ಟಿಲ್ಲ.

ಗಣಕವೈದ್ಯ:
ಟೀಚರ್, ಇದು ಬಹಳ ಜನ ಮರೆಯುವ ಕಾರಣ. ಆದರೆ ರೀಸೆಟ್ ಗುಂಡಿ ಒತ್ತಿದಾಗ ಸಾಮಾನ್ಯವಾಗಿ ಫ್ಯಾನ್ ನಿಲ್ಲುವುದಿಲ್ಲವಾದ್ದರಿಂದ ಇವರ ವಿಷಯದಲ್ಲಿ ನನಗೆ ಅನುಮಾನವಿದೆ. ಆದರೂ ಕಿತ್ತು ನೋಡುವುದಕ್ಕೆ ಖರ್ಚೇನೂ ಇಲ್ಲ.

ಅಡಿಕೆ ತೋಟ:
ಪ್ರೊಸೆಸರ್ ಬಿಸಿಯಾಗಿರಬಹುದು. ಕೂಲರ್ ತೆಗೆದು, ಪ್ರೊಸೆಸರಿನ ಬಿಸಿಯನ್ನು ಕೂಲರ್‌ಗೆ ದಾಟಿಸುವ ಥರ್ಮಲ್ ಪೇಸ್ಟ್ ನೋಡಿ. ನನ್ನದರಲ್ಲಿ ಒಣಗಿ ಸುಣ್ಣದಂತಾಗಿತ್ತು.

ಗಣಕವೈದ್ಯ:
ಪ್ರೊಸೆಸರ್ ಬಿಸಿಯಾದಾಗ ಮೊದಲು ತನ್ನ ವೇಗವನ್ನು ಇಳಿಸಿಕೊಳ್ಳುತ್ತದೆ, ಅಷ್ಟಕ್ಕೂ ತಣಿಯದಿದ್ದರೆ ಯಂತ್ರ ಪೂರ್ತಿ ಆಫ್ ಆಗುತ್ತದೆ. ತಕ್ಷಣ ಮತ್ತೆ ಹೊತ್ತಿಕೊಳ್ಳುವುದು ಅದರ ಸಾಮಾನ್ಯ ಲಕ್ಷಣವಲ್ಲ. ಅದೂ ಅಲ್ಲದೆ ನುಡಿಯಲ್ಲಿ ಕ್ರಯಪತ್ರ ಟೈಪ್ ಮಾಡಿದರೆ ಐ5 ಪ್ರೊಸೆಸರ್‌ಗೆ ಬೆವರೂ ಬರುವುದಿಲ್ಲ.

ಅಡಿಕೆ ತೋಟ:
ಲಕ್ಷಣ ಎಲ್ಲ ಕಡೆಯೂ ಒಂದೇ ರೀತಿ ಇರುತ್ತದೆ ಎಂದು ಹೇಗೆ ಹೇಳುತ್ತೀರಿ? ಪೇಸ್ಟ್ ಹಚ್ಚಿದ ಮೇಲೆ ನನ್ನದು ಸರಿಹೋಗಿದ್ದು ನಿಜ.

ಗಣಕವೈದ್ಯ:
ನಿಮ್ಮದು ಸರಿಹೋಗಿದ್ದನ್ನು ನಾನು ಅಲ್ಲಗಳೆಯುವುದಿಲ್ಲ. ಮದರ್‌ಬೋರ್ಡಿನಲ್ಲಿ ಪ್ರೊಸೆಸರಿಗೆ ವಿದ್ಯುತ್ ಒದಗಿಸುವ ಭಾಗ ಕಾದರೆ ರೀಸ್ಟಾರ್ಟ್ ಆಗುವುದೂ ಉಂಟು. ಆದರೆ ಬಿಸಿಯೇ ಕಾರಣವಾಗಿದ್ದರೆ ಮಧ್ಯಾಹ್ನ, ಕೆಲಸದ ಒತ್ತಡದಲ್ಲಿ ತೊಂದರೆ ಹೆಚ್ಚಬೇಕಿತ್ತು. ಇವರು ಬೆಳಗಿನ ಹೊತ್ತು ಎಂದು ಬರೆದಿದ್ದಾರೆ.

ಅಕ್ಷರಜೋಡಣೆ:
ಎಲ್ಲರಿಗೂ ಧನ್ಯವಾದಗಳು. ಇವೆಂಟ್ ವ್ಯೂವರ್ ನೋಡಿದೆ. ಪ್ರತಿ ಸಲವೂ ಕರ್ನಲ್-ಪವರ್ 41 ಇದೆ, ಬಗ್‌ಚೆಕ್ ಕೋಡ್ ಸೊನ್ನೆ ಎಂದಿದೆ, ಅದರ ಜೊತೆಗೆ ಯಂತ್ರ ಅನಿರೀಕ್ಷಿತವಾಗಿ ನಿಂತಿತ್ತು ಎನ್ನುವ 6008 ಎಂಬ ಸಂಖ್ಯೆಯೂ ಇದೆ. ಡಬ್ಲ್ಯೂಎಚ್‌ಇಎ ಹೆಸರಿನದು ಯಾವುದೂ ಇಲ್ಲ, ಕುಸಿತದ ದಾಖಲೆ ಉಳಿಯುವ ಮಿನಿಡಂಪ್ ಫೋಲ್ಡರ್ ಖಾಲಿಯಿದೆ. ರೀಸೆಟ್ ವೈರನ್ನೂ ಕಿತ್ತೆವು. ಇಂದು ಬೆಳಿಗ್ಗೆ ಮತ್ತೆ ರೀಸ್ಟಾರ್ಟ್ ಆಯಿತು.

ಬೈಟುಕಾಫಿ:
ನಾನು ಮೊದಲೇ ಹೇಳಿದೆನಲ್ಲ, ಮದರ್‌ಬೋರ್ಡ್. ಹೇಗೂ ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೇ ಬೆಂಬಲ ನಿಂತಿದೆ. ಹಳೆಯದಕ್ಕೆ ದುಡ್ಡು ಸುರಿಯುವ ಬದಲು ಹೊಸದನ್ನೇ ಕೊಳ್ಳುವುದು ಲೇಸು.

ಹಳೇ ಕೀಲಿಮಣೆ:
10ನೇ ತಲೆಮಾರಿನ ಐ5 ಪ್ರೊಸೆಸರ್ ವಿಂಡೋಸ್ 11ರ ಪಟ್ಟಿಯಲ್ಲಿದೆ ಸ್ವಾಮಿ. ಆ ಪಟ್ಟಿ ಇಂಟೆಲ್‌ನ ಬಹುಮಟ್ಟಿಗೆ 8ನೇ ತಲೆಮಾರಿನಿಂದಲೇ ಶುರುವಾಗುತ್ತದೆ. ಬೇರೆಯವರ ಜೇಬಿನಿಂದ ಕಂಪ್ಯೂಟರ್ ಕೊಳ್ಳುವುದು ಎಲ್ಲರಿಗೂ ಸುಲಭ.

ತಂತಿಮೀಟರ್:
ನಾನು ಪುತ್ತೂರಿನ ಕಡೆ ವೈರಿಂಗ್ ಕೆಲಸ ಮಾಡುವವನು, ಕಂಪ್ಯೂಟರ್ ಬಲ್ಲವನಲ್ಲ. ಆದರೆ ಬಗ್‌ಚೆಕ್ ಸೊನ್ನೆ ಎಂದ ಮೇಲೆ ಕ್ಯಾಬಿನೆಟ್ಟಿನ ಹೊರಗೂ ಒಮ್ಮೆ ನೋಡಬೇಕು. ಕ್ಯಾಬಿನೆಟ್ಟಿನ ತಗಡು ಮುಟ್ಟಿದಾಗ ಜುಂ ಎನ್ನುತ್ತದೆಯೇ? ಹಾಗಿದ್ದರೆ ಅರ್ಥಿಂಗ್ ಇಲ್ಲ. ಎಸ್‌ಎಂಪಿಎಸ್‌ನೊಳಗಿನ ಫಿಲ್ಟರ್ ಕೆಪಾಸಿಟರುಗಳು ಫೇಸ್ ಮತ್ತು ನ್ಯೂಟ್ರಲ್ ಎರಡರಿಂದಲೂ ತಗಡಿಗೆ ಸೇರಿರುತ್ತವೆ, ಆದ್ದರಿಂದ ಅರ್ಥ್ ತಂತಿ ಇಲ್ಲದಿದ್ದರೆ 230 ವೋಲ್ಟಿನ ಅರ್ಧದಷ್ಟು, ಅಂದರೆ 115 ವೋಲ್ಟಿನ ಆಸುಪಾಸು ತಗಡಿನ ಮೇಲೆ ನಿಲ್ಲುತ್ತದೆ. ಕರೆಂಟ್ ಅತಿ ಸ್ವಲ್ಪವಾದ್ದರಿಂದ ಜುಂ ಎಂದಷ್ಟೇ ಅನಿಸುತ್ತದೆ. ಮಲೆನಾಡಿನ ಸಿಡಿಲಿಗೆ ಅರ್ಥಿಂಗ್ ಇಲ್ಲದ ಅಂಗಡಿ ನಡೆಸುವುದು ಒಳ್ಳೆಯದಲ್ಲ.

ಗಣಕವೈದ್ಯ:
ಅರ್ಥಿಂಗ್ ಬೇಕೇ ಬೇಕು. ಆದರೆ ಅದು ಇಲ್ಲ ಎಂಬ ಒಂದೇ ಕಾರಣಕ್ಕೆ ದಿನವೂ ರೀಸ್ಟಾರ್ಟ್ ಆಗುವುದು ಅಪರೂಪ.

ತಂತಿಮೀಟರ್:
ಅದೇ ಕಾರಣ ಎಂದು ನಾನು ಹೇಳಲಿಲ್ಲ, ನೋಡಿ ಎಂದೆ. ನನ್ನ ನಿಜವಾದ ಪ್ರಶ್ನೆ ಬೇರೆಯಿದೆ. ಇವರು ಜೆರಾಕ್ಸ್ ಅಂಗಡಿ ಎಂದು ಬರೆದಿದ್ದಾರೆ, ಆದರೆ ಇಷ್ಟು ಹೊತ್ತೂ ಜೆರಾಕ್ಸ್ ಯಂತ್ರದ ಬಗ್ಗೆ ಯಾರೂ ಮಾತೆತ್ತಿಲ್ಲ. ಅದು ಯಾವ ಸಾಕೆಟ್ಟಿನಲ್ಲಿದೆ? ಪ್ರಿಂಟರ್ ಎಲ್ಲಿದೆ? ಯುಪಿಎಸ್ ಇದೆಯೇ?

ಅಕ್ಷರಜೋಡಣೆ:
600 ವಿಎ ಯುಪಿಎಸ್ ಇದೆ, ಕಂಪ್ಯೂಟರಿನ ಜೊತೆಗೇ ಕೊಂಡದ್ದು, ಬ್ಯಾಟರಿ ಬದಲಿಸಿಲ್ಲ. ಅದರಿಂದ ಒಂದು ಎಕ್ಸ್‌ಟೆನ್ಶನ್ ಬೋರ್ಡಿಗೆ ಕಂಪ್ಯೂಟರ್, ಮಾನಿಟರ್ ಮತ್ತು ಲೇಸರ್ ಪ್ರಿಂಟರ್ ಸೇರಿವೆ. ಜೆರಾಕ್ಸ್ ಯಂತ್ರ ಗೋಡೆಯ ಸಾಕೆಟ್ಟಿನಲ್ಲೇ ಇದೆ; ಆದರೆ ಅಂಗಡಿಗೆ ಬರುವುದು ಒಂದೇ ಲೈನ್. ಕ್ಯಾಬಿನೆಟ್ ಮುಟ್ಟಿದರೆ ಜುಂ ಎನ್ನುವುದಿಲ್ಲ. ಯುಪಿಎಸ್ ಮಾತ್ರ ಆಗಾಗ ‘ಟಕ್ ಟಕ್’ ಎನ್ನುತ್ತಿರುತ್ತದೆ, ಅದು ಮೊದಲಿನಿಂದಲೂ ಹಾಗೆಯೇ.

ತಂತಿಮೀಟರ್:
ಆ ಟಕ್ ಟಕ್ ಸದ್ದಿನಲ್ಲೇ ನಿಮ್ಮ ಉತ್ತರವಿದೆ ಎಂದು ನನಗನಿಸುತ್ತದೆ. ಅದು ಯುಪಿಎಸ್ ಒಳಗಿನ ರಿಲೇ ಎಂಬ ಸ್ವಿಚ್ ಲೈನಿನಿಂದ ಬ್ಯಾಟರಿಗೆ ಹೋಗಿ ಮತ್ತೆ ಲೈನಿಗೆ ಬರುವ ಸದ್ದು ಇರಬಹುದು. ಲೇಸರ್ ಪ್ರಿಂಟರಿಗಾಗಲಿ ಜೆರಾಕ್ಸ್ ಯಂತ್ರಕ್ಕಾಗಲಿ ಒಳಗೆ ಫ್ಯೂಸರ್ ಎಂಬ ಹೀಟರ್ ಇರುತ್ತದೆ. ಟೋನರ್ ಪುಡಿಯನ್ನು ಕರಗಿಸಿ ಕಾಗದಕ್ಕೆ ಅಂಟಿಸಲು ಅದು 200 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿಗೆ ಕಾಯಬೇಕು. ಯಂತ್ರ ನಿದ್ದೆಯಿಂದ ಎದ್ದಾಗ ಆ ಹೀಟರ್ ನೂರಾರು ವ್ಯಾಟ್ ಎಳೆಯುತ್ತದೆ, ದೊಡ್ಡ ಯಂತ್ರವಾದರೆ ಸಾವಿರದ ಹತ್ತಿರವೂ ಹೋಗುತ್ತದೆ. ಹಳ್ಳಿ ಕಡೆಯ ತೆಳ್ಳಗಿನ ಲೈನಿನಲ್ಲಿ ಆ ಕ್ಷಣ ಬಲ್ಬ್ ಮಂಕಾಗುವುದನ್ನು ನಾನೇ ಎಷ್ಟೋ ಅಂಗಡಿಗಳಲ್ಲಿ ನೋಡಿದ್ದೇನೆ.

ಗಣಕವೈದ್ಯ:
ತಂತಿಮೀಟರ್ ಅವರು ಹೇಳಿದ್ದಕ್ಕೆ ಲೆಕ್ಕ ಸೇರಿಸುತ್ತೇನೆ. 600 ವಿಎ ಎಂದು ಬರೆದಿರುವ ಇಂಥ ಯುಪಿಎಸ್‌ಗಳು ಸಾಮಾನ್ಯವಾಗಿ ಕೊಡುವುದು 360 ವ್ಯಾಟ್ ಮಾತ್ರ. ಲೇಸರ್ ಪ್ರಿಂಟರನ್ನು ಯುಪಿಎಸ್‌ಗೆ ಸೇರಿಸಬೇಡಿ ಎಂದು ತಯಾರಕರೇ ಕೈಪಿಡಿಯಲ್ಲಿ ಬರೆದಿರುತ್ತಾರೆ, ಆದರೆ ಅದನ್ನು ಓದುವವರು ಯಾರು? ಜೆರಾಕ್ಸ್ ಯಂತ್ರ ಕಾಯತೊಡಗಿದಾಗ ಲೈನ್ ವೋಲ್ಟೇಜ್ ಕುಸಿಯುತ್ತದೆ, ಯುಪಿಎಸ್ ಅದನ್ನು ಕರೆಂಟ್ ಹೋದಂತೆ ಭಾವಿಸಿ ಬ್ಯಾಟರಿಗೆ ಜಿಗಿಯುತ್ತದೆ. ಈ ಜಿಗಿತಕ್ಕೆ ಕೆಲವು ಮಿಲಿಸೆಕೆಂಡು ಸಾಕು. ಒಳ್ಳೆಯ ಎಸ್‌ಎಂಪಿಎಸ್ ತುಂಬಿದ ಹೊರೆಯಲ್ಲೂ 16 ಮಿಲಿಸೆಕೆಂಡಿನಷ್ಟು ಕಾಲ ಹೊರಗಿನ ಕರೆಂಟ್ ಇಲ್ಲದೆ ತಡೆದುಕೊಳ್ಳುತ್ತದೆ, ಹಾಗಾಗಿ ಬ್ಯಾಟರಿ ಗಟ್ಟಿಯಿದ್ದರೆ ನಿಮಗೆ ಏನೂ ಗೊತ್ತೇ ಆಗುತ್ತಿರಲಿಲ್ಲ. ಆದರೆ ಇವುಗಳೊಳಗಿನ 12 ವೋಲ್ಟ್, 7 ಆಂಪಿಯರ್-ಅವರ್ ಸೀಸದ ಬ್ಯಾಟರಿ ಎರಡು ಮೂರು ವರ್ಷಕ್ಕೆ ಸೊರಗುತ್ತದೆ. ಸತ್ತ ಬ್ಯಾಟರಿಯ ಯುಪಿಎಸ್ ಇರುವುದಕ್ಕಿಂತ ಇಲ್ಲದಿರುವುದೇ ಮೇಲು. ಸಣ್ಣ ವೋಲ್ಟೇಜ್ ಕುಸಿತವನ್ನು ಕಂಪ್ಯೂಟರ್ ತಾನೇ ತಡೆದುಕೊಳ್ಳುತ್ತಿತ್ತೋ ಏನೋ, ಯುಪಿಎಸ್ ನಡುವೆ ಬಂದು ಅದನ್ನು ಪೂರ್ತಿ ಕಡಿತವನ್ನಾಗಿ ಮಾಡುತ್ತದೆ.

ಬೈಟುಕಾಫಿ:
ಒಂದು ನಿಮಿಷ. ಕರೆಂಟ್ ಹೋದರೆ ಕಂಪ್ಯೂಟರ್ ಆಫ್ ಆಗಿ ಹಾಗೆಯೇ ಉಳಿಯಬೇಕು. ಇದು ತಾನಾಗಿ ಮತ್ತೆ ಆನ್ ಆಗುತ್ತಿದೆಯಲ್ಲ, ಅದಕ್ಕೇನು ಉತ್ತರ ಕೊಡುತ್ತೀರಿ?

ಗಣಕವೈದ್ಯ:
ಇದು ಕೇಳಲೇಬೇಕಾದ ಪ್ರಶ್ನೆ. ಇದಕ್ಕೆ ಎರಡು ದಾರಿಗಳಿವೆ. ಎಸ್‌ಎಂಪಿಎಸ್‌ನಿಂದ ಮದರ್‌ಬೋರ್ಡಿಗೆ ಪವರ್ ಗುಡ್ ಎಂಬ ಸಂಕೇತ ಹೋಗುತ್ತಿರುತ್ತದೆ. ಎಲ್ಲ ವೋಲ್ಟೇಜುಗಳೂ ಸರಿಯಿವೆ ಎಂಬುದಕ್ಕೆ ಅದು ಸಾಕ್ಷಿ. ಕಡಿತ ಕ್ಷಣಮಾತ್ರದ್ದಾದರೆ ಆ ಸಂಕೇತ ತಪ್ಪಿ ಮತ್ತೆ ಬರುತ್ತದೆ, ಬೋರ್ಡ್ ಹೊಸದಾಗಿ ಶುರುವಾಗುತ್ತದೆ. ಕಡಿತ ಅದಕ್ಕಿಂತ ಉದ್ದವಾದರೆ ಬಯಾಸ್‌ನಲ್ಲಿ (ವಿಂಡೋಸ್‌ಗಿಂತ ಮೊದಲು ಓಡುವ ಮದರ್‌ಬೋರ್ಡಿನ ತಂತ್ರಾಂಶದಲ್ಲಿ) ‘ರಿಸ್ಟೋರ್ ಎಸಿ ಪವರ್ ಲಾಸ್’ ಎಂಬ ಆಯ್ಕೆ ಹೇಗಿದೆ ಎಂಬುದರ ಮೇಲೆ ಹೋಗುತ್ತದೆ. ಅದು ‘ಪವರ್ ಆನ್’ ಎಂದಿದ್ದರೆ ಕರೆಂಟ್ ಬಂದೊಡನೆ ಯಂತ್ರ ಎದ್ದು ಕೂರುತ್ತದೆ.

ಅಕ್ಷರಜೋಡಣೆಯವರು ಅದನ್ನು ‘ಪವರ್ ಆಫ್’ ಎಂದು ಬದಲಿಸಿ ನೋಡಲಿ. ಆಮೇಲೆ ಯಂತ್ರ ರೀಸ್ಟಾರ್ಟ್ ಆಗದೆ ಆಫ್ ಆಗಿಯೇ ಉಳಿದರೆ ಕಳ್ಳ ಹೊರಗಿನವನು ಎಂಬುದಕ್ಕೆ ಇನ್ನೊಂದು ಪುರಾವೆ ಸಿಕ್ಕಂತೆ.

ಹಳೇ ಕೀಲಿಮಣೆ:
ರಿಪೇರಿಯವರು ಎಸ್‌ಎಂಪಿಎಸ್ ಬದಲಿಸುವ ಮುನ್ನ ಮಲ್ಟಿಮೀಟರ್ ಇಟ್ಟು ನೋಡಿರುತ್ತಾರಲ್ಲ, ಅದರಲ್ಲಿ ಗೊತ್ತಾಗುತ್ತಿರಲಿಲ್ಲವೇ?

ತಂತಿಮೀಟರ್:
ಮೀಟರ್ ನಿಧಾನದ ಸಾಧನ, ಮಿಲಿಸೆಕೆಂಡಿನ ಕುಸಿತ ಅದರ ಕಣ್ಣಿಗೆ ಬೀಳುವುದಿಲ್ಲ.

ಗಣಕವೈದ್ಯ:
ಹೌದು. ಹಳದಿ ತಂತಿಯಲ್ಲಿ 11.4ರಿಂದ 12.6, ಕೆಂಪಿನಲ್ಲಿ 4.75ರಿಂದ 5.25 ವೋಲ್ಟ್ ಇದ್ದರೆ ಎಸ್‌ಎಂಪಿಎಸ್ ಅಷ್ಟರಮಟ್ಟಿಗೆ ಸರಿ ಎನ್ನಬಹುದು, ಅದಕ್ಕಿಂತ ಹೆಚ್ಚು ಹೇಳಲಾಗದು.

ಅಡಿಕೆ ತೋಟ:
ಹಾಗಾದರೆ ಯುಪಿಎಸ್ ಕಿತ್ತೊಗೆದು ನೇರವಾಗಿ ಗೋಡೆಗೆ ಸೇರಿಸಿಬಿಡಲಿ, ತೊಂದರೆಯೇ ಇಲ್ಲ.

ತಂತಿಮೀಟರ್:
ಪರೀಕ್ಷೆಗಾಗಿ ಒಂದೆರಡು ದಿನ ಸೇರಿಸಬಹುದು. ಶಾಶ್ವತವಾಗಿ ಬೇಡ. ಮುಂಗಾರಿನ ಮುಂಚಿನ ಸಿಡಿಲಿನ ಮಳೆಯಲ್ಲಿ ಏನೇನು ಸುಟ್ಟುಹೋಗುತ್ತದೆ ಎಂಬುದು ತೋಟದವರಾದ ನಿಮಗೆ ನಾನು ಹೇಳಬೇಕೇ?

ರಾತ್ರಿಪಾಳಿ:
ಮಧ್ಯೆ ಬಾಯಿಹಾಕುವುದಕ್ಕೆ ಕ್ಷಮಿಸಿ. ನನ್ನದು ಅಸೆಂಬಲ್ ಮಾಡಿಸಿದ ರೈಜನ್ ಯಂತ್ರ. ಆಟ ಆಡುವಾಗ ಒಮ್ಮೆಯೂ ತೊಂದರೆಯಿಲ್ಲ, ಊಟಕ್ಕೆ ಎದ್ದು ಹೋಗಿ ಬರುವಷ್ಟರಲ್ಲಿ ರೀಸ್ಟಾರ್ಟ್ ಆಗಿರುತ್ತದೆ. ಪ್ರಿಂಟರ್ ಇಲ್ಲ, ಯುಪಿಎಸ್ ಹೊಸದು. ಇದಕ್ಕೂ ಬ್ಯಾಟರಿಯೇ ಕಾರಣವೇ?

ಗಣಕವೈದ್ಯ:
ನಿಮ್ಮದು ಬೇರೆ ಜಾತಿಯ ತೊಂದರೆ. ಸುಮ್ಮನಿರುವಾಗ ರೈಜನ್ ಪ್ರೊಸೆಸರ್ ಎಳೆಯುವ ಕರೆಂಟ್ ತೀರಾ ಕಡಿಮೆಯಾಗುತ್ತದೆ, ಅಷ್ಟು ಹಗುರ ಹೊರೆಯಲ್ಲಿ ಕೆಲವು ಹಳೆಯ ವಿನ್ಯಾಸದ ಎಸ್‌ಎಂಪಿಎಸ್‌ಗಳು ತಡವರಿಸುತ್ತವೆ. ಬಯಾಸ್‌ನಲ್ಲಿ ‘ಪವರ್ ಸಪ್ಲೈ ಐಡಲ್ ಕಂಟ್ರೋಲ್’ ಎಂಬುದನ್ನು ‘ಟಿಪಿಕಲ್ ಕರೆಂಟ್ ಐಡಲ್’ಗೆ ಬದಲಿಸಿ ನೋಡಿ. ರ‍್ಯಾಮಿಗೆ ಅದರ ವೇಗ ಹೆಚ್ಚಿಸುವ ಎಕ್ಸ್‌ಎಂಪಿ ಹಾಕಿದ್ದರೆ ಅದನ್ನೂ ಒಮ್ಮೆ ತೆಗೆದು, ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಅನ್ನು ರಾತ್ರಿಯಿಡೀ ಓಡಿಸಿ. ಅದರಿಂದಲೂ ಆಗದಿದ್ದರೆ ಪ್ರತ್ಯೇಕ ಚರ್ಚೆ ಶುರುಮಾಡಿ, ಇಲ್ಲಿ ಇಬ್ಬರ ರೋಗಲಕ್ಷಣವೂ ಕಲಸಿಹೋಗುತ್ತದೆ.

ಲ್ಯಾಬ್ ಟೀಚರ್, ಗದಗ:
ಅಕ್ಷರಜೋಡಣೆಯವರು ಎಲ್ಲಿ ಹೋದರು? ಕುತೂಹಲ ತಡೆಯಲಾಗುತ್ತಿಲ್ಲ.

ಅಕ್ಷರಜೋಡಣೆ:
ಅಂಗಡಿಯಲ್ಲಿ ಜನ ಹೆಚ್ಚಿದ್ದರು, ಉತ್ತರ ತಡವಾಯಿತು. ಬಯಾಸ್‌ನಲ್ಲಿ ಆ ಆಯ್ಕೆ ‘ಪವರ್ ಆನ್’ ಎಂದೇ ಇತ್ತು. ಅದನ್ನು ಬದಲಿಸಿ, ಟೈಪ್ ಮಾಡಿದ್ದನ್ನೆಲ್ಲ ಸೇವ್ ಮಾಡಿ, ಹುಡುಗನಿಗೆ ಜೆರಾಕ್ಸ್ ಯಂತ್ರವನ್ನು ನಿದ್ದೆಯಿಂದ ಎಬ್ಬಿಸಲು ಹೇಳಿದೆ. ಯಂತ್ರ ಗುರ್ ಎಂದಿತು, ಟ್ಯೂಬ್‌ಲೈಟ್ ಒಮ್ಮೆ ಮಿಟುಕಿತು, ಯುಪಿಎಸ್ ಟಕ್ ಎಂದಿತು, ಕಂಪ್ಯೂಟರ್ ಆಫ್ ಆಗಿ ಹಾಗೆಯೇ ಉಳಿಯಿತು. ಬೆಳಿಗ್ಗೆ ಏಕೆ ಹೆಚ್ಚು ಎಂಬುದೂ ಈಗ ತಿಳಿಯಿತು. ಆ ಹೊತ್ತಿನಲ್ಲಿ ಗಿರಾಕಿಗಳು ಬಿಡಿಬಿಡಿಯಾಗಿ ಬರುತ್ತಾರೆ, ಒಬ್ಬರು ಹೋಗಿ ಇನ್ನೊಬ್ಬರು ಬರುವಷ್ಟರಲ್ಲಿ ಯಂತ್ರ ನಿದ್ದೆಗೆ ಜಾರಿರುತ್ತದೆ. ಮಧ್ಯಾಹ್ನ ಒಬ್ಬರ ಹಿಂದೆ ಒಬ್ಬರು ಇರುವುದರಿಂದ ಅದು ಕಾದೇ ಇರುತ್ತದೆ.

ಆಮೇಲೆ ಯುಪಿಎಸ್‌ನ ಪ್ಲಗ್ಗನ್ನು ಗೋಡೆಯಿಂದ ಕಿತ್ತು ನೋಡಿದೆ. ಮಾನಿಟರ್ ಒಂದನ್ನು ಬಿಟ್ಟು ಬೇರೇನೂ ಸೇರಿಸದಿದ್ದರೂ ಅದು ಒಮ್ಮೆ ಕಿರುಚಿ ನಿಂತುಹೋಯಿತು. ಬಿಚ್ಚಿದರೆ ಬ್ಯಾಟರಿಯ ಎರಡು ಪಕ್ಕಗಳೂ ಉಬ್ಬಿ, ಅದು ಪೆಟ್ಟಿಗೆಯಿಂದ ಹೊರಬರಲೇ ಒಪ್ಪಲಿಲ್ಲ. ಸದ್ಯ ಕಂಪ್ಯೂಟರನ್ನು ನೇರ ಗೋಡೆಗೆ ಸೇರಿಸಿದ್ದೇನೆ. ಜೆರಾಕ್ಸ್ ಯಂತ್ರ ಎದ್ದಾಗ ದೀಪ ಮಿಟುಕುತ್ತದೆ, ಆದರೆ ಕಂಪ್ಯೂಟರ್ ಅಲುಗಾಡುತ್ತಿಲ್ಲ.

ಹಳೇ ಕೀಲಿಮಣೆ:
ಬೈಟುಕಾಫಿಯವರೇ, ಎಸ್.ಪಿ. ರಸ್ತೆಯ ಬಸ್ಸು ರದ್ದಾಯಿತು.

ಬೈಟುಕಾಫಿ:
ಮದರ್‌ಬೋರ್ಡ್ ಚೆನ್ನಾಗಿದೆ ಎಂದು ಯಾರೂ ಇನ್ನೂ ಸಾಬೀತು ಮಾಡಿಲ್ಲ. ಒಂದು ವಾರ ನೋಡೋಣ.

ಅಕ್ಷರಜೋಡಣೆ:
ಈಗ ಎರಡು ಪ್ರಶ್ನೆಗಳು ಉಳಿದಿವೆ. ಬ್ಯಾಟರಿ ಮಾತ್ರ ಬದಲಿಸಿದರೆ ಸಾಕೇ, ದೊಡ್ಡ ಯುಪಿಎಸ್ಸೇ ಬೇಕೇ? ಲೇಸರ್ ಪ್ರಿಂಟರನ್ನು ಎಲ್ಲಿಗೆ ಸೇರಿಸಲಿ?

ಗಣಕವೈದ್ಯ:
ಗ್ರಾಫಿಕ್ಸ್ ಕಾರ್ಡ್ ಇಲ್ಲದ ನಿಮ್ಮ ಯಂತ್ರಕ್ಕೆ ಮಾನಿಟರ್ ಸೇರಿದರೂ 360 ವ್ಯಾಟ್ ಧಾರಾಳವಾಯಿತು. 12 ವೋಲ್ಟ್ 7 ಆಂಪಿಯರ್-ಅವರ್ ಬ್ಯಾಟರಿಯನ್ನೇ ತನ್ನಿ, ತಯಾರಾದ ತಿಂಗಳನ್ನು ನೋಡಿ ತನ್ನಿ, ಅಂಗಡಿಯ ಕಪಾಟಿನಲ್ಲಿ ವರ್ಷಗಟ್ಟಲೆ ಕೂತದ್ದು ಬೇಡ. ಕೆಂಪು ಕಪ್ಪು ತಂತಿ ಅದಲುಬದಲಾಗದಂತೆ ಎಚ್ಚರವಹಿಸಿ. ಮೊದಲ ರಾತ್ರಿ ಯಾವ ಹೊರೆಯೂ ಇಲ್ಲದೆ ಪೂರ್ತಿ ಚಾರ್ಜ್ ಆಗಲು ಬಿಡಿ. ಉಬ್ಬಿದ ಹಳೆಯದನ್ನು ಬ್ಯಾಟರಿ ಅಂಗಡಿಯವರಿಗೇ ಹಿಂದಿರುಗಿಸಿ, ಸೀಸಕ್ಕೆ ಬೆಲೆಯಿರುವುದರಿಂದ ಹೊಸದರ ದರದಲ್ಲಿ ಸ್ವಲ್ಪ ಕಡಿಮೆ ಮಾಡಿಕೊಡುವುದುಂಟು.

ತಂತಿಮೀಟರ್:
ಪ್ರಿಂಟರ್ ಯುಪಿಎಸ್‌ನಿಂದ ಹೊರಗೆ, ಗೋಡೆಯ ಸಾಕೆಟ್ಟಿಗೆ ಹೋಗಲಿ. ಜೆರಾಕ್ಸ್ ಯಂತ್ರಕ್ಕೆ ಮೀಟರ್ ಬೋರ್ಡಿನಿಂದಲೇ ಪ್ರತ್ಯೇಕ ಲೈನ್ ಎಳೆಸಿ, 16 ಆಂಪಿಯರ್ ಸಾಕೆಟ್ ಹಾಕಿಸಿ, 2.5 ಚದರ ಮಿಲಿಮೀಟರಿಗೆ ಕಡಿಮೆಯಿಲ್ಲದ ತಾಮ್ರದ ತಂತಿ ಬಳಸಲು ಹೇಳಿ. ಅಂಗಡಿಯ ಒಳಗಿನ ತಂತಿ ತೆಳ್ಳಗಿದ್ದರಿಂದ ಆಗುತ್ತಿದ್ದ ಕುಸಿತ ಅದರಿಂದ ನಿಲ್ಲುತ್ತದೆ. ಆಮೇಲೂ ದೀಪ ಮಿಟುಕಿದರೆ ತೊಂದರೆ ಕಂಬದಿಂದ ನಿಮ್ಮ ಮೀಟರಿಗೆ ಬರುವ ಸರ್ವಿಸ್ ವೈರಿನಲ್ಲಿ ಅಥವಾ ಅದರ ಸಡಿಲವಾದ ಜೋಡಣೆಯಲ್ಲಿ ಇರಬಹುದು. ಅದನ್ನು ನೀವಾಗಲಿ ನಿಮ್ಮ ಎಲೆಕ್ಟ್ರಿಶಿಯನ್ ಆಗಲಿ ಮುಟ್ಟಬೇಡಿ, ಅರ್ಜಿ ಕೊಟ್ಟು ಲೈನ್‌ಮನ್ ಅವರನ್ನೇ ಕರೆಸಿ.

ಅಡಿಕೆ ತೋಟ:
ನಮ್ಮ ಮನೆಯಲ್ಲಿ ಕಂಪ್ಯೂಟರ್ ಇನ್ವರ್ಟರಿಗೆ ಸೇರಿದೆ, ಕರೆಂಟ್ ಹೋದಾಗಲೆಲ್ಲ ರೀಸ್ಟಾರ್ಟ್ ಆಗುತ್ತದೆ. ಬ್ಯಾಟರಿ ಹೊಸದು. ಇದನ್ನು ಇಷ್ಟು ದಿನ ಇನ್ವರ್ಟರಿನ ಗುಣವೆಂದುಕೊಂಡಿದ್ದೆ.

ತಂತಿಮೀಟರ್:
ಇನ್ವರ್ಟರಿನ ಹಿಂಭಾಗದಲ್ಲೋ ಮುಂಭಾಗದಲ್ಲೋ ಯುಪಿಎಸ್ ಮೋಡ್ ಎಂಬ ಸ್ವಿಚ್ ಇರುತ್ತದೆ, ಅದನ್ನು ಆ ಕಡೆಗೆ ತಿರುಗಿಸಿ. ಇನ್ನೊಂದು ಮೋಡ್ ಫ್ಯಾನು ದೀಪಗಳಿಗೆಂದು ಇರುವಂಥದ್ದು, ಅದರಲ್ಲಿ ಬದಲಾವಣೆಗೆ ಹಿಡಿಯುವ ಹೊತ್ತು ಕಂಪ್ಯೂಟರ್ ತಡೆಯುವುದಕ್ಕಿಂತ ಹೆಚ್ಚು.

ಅಡಿಕೆ ತೋಟ:
ಸ್ವಿಚ್ ಸಿಕ್ಕಿತು. ಮೇನ್ಸ್ ತೆಗೆದು ನೋಡಿದೆ, ಈಗ ನಿಲ್ಲುತ್ತಿಲ್ಲ.